ಕ್ಯಾಟ್‌ಗೆ ನಾನು ಮಾಡಿಕೊಂಡ ಟೈಮ್‌ಟೇಬಲ್: ಬಾಕಿ ಬಿದ್ದದ್ದು ವಜಾ

ಕೆಲಸ ಬಿಡದೆ, ಕೋಚಿಂಗ್‌ಗೆ ಹೋಗದೆ, ವಾರಕ್ಕೆ ಹದಿನಾರು ಹದಿನೇಳು ಗಂಟೆಯಲ್ಲಿ ಕ್ಯಾಟ್ (ಐಐಎಂಗಳಂಥ ಎಂಬಿಎ ಕಾಲೇಜುಗಳ ಪ್ರವೇಶ ಪರೀಕ್ಷೆ) ಮುಗಿಸ್ತೀನಿ ಅಂದಾಗ ಆಫೀಸಲ್ಲಿ ನಕ್ಕವರೇ ಜಾಸ್ತಿ. ‘ಮಗಾ, ನಲವತ್ತು ಮಾಕ್ (ಅಣಕು ಪರೀಕ್ಷೆ) ಬರೀದೆ ತೊಂಬತ್ತು ಪರ್ಸೆಂಟೈಲೂ ದಾಟಲ್ಲ’ ಅಂದವನೂ ಇದನ್ನು ಓದಲಿ. 2024ರ ನವೆಂಬರ್ 24ಕ್ಕೆ ಪರೀಕ್ಷೆ ಬರೆದೆ, 98 ಚಿಲ್ಲರೆ ಪರ್ಸೆಂಟೈಲ್ ಬಂತು, ಅಂದರೆ ಬರೆದವರಲ್ಲಿ ನೂರಕ್ಕೆ 98 ಮಂದಿ ನನಗಿಂತ ಹಿಂದೆ. ಬರೆದಿದ್ದ ಮಾಕ್ ಬರೀ ಹದಿನಾಲ್ಕು.

ಅದರ ಹಿಂದಿನ ವರ್ಷ 86ಕ್ಕೇ ನಿಂತಿತ್ತು. ವೀಕೆಂಡ್ ಬ್ಯಾಚಿಗೆ ಸುಮಾರು ನಲವತ್ತೈದು ಸಾವಿರ ಕಟ್ಟಿದ್ದೆ, ಹೋಗಿದ್ದು ಅರ್ಧ ಕ್ಲಾಸಿಗೂ ಇಲ್ಲ. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ನಾಲ್ಕು ವಾರವನ್ನೂ ಒತ್ತೊತ್ತಾಗಿ ತುಂಬಿಸಿಟ್ಟಿದ್ದೇ ತಪ್ಪು. ಗಣೇಶನ ಹಬ್ಬದ ವಾರ ಕೈಬಿಟ್ಟುಹೋಯಿತು, ಅದನ್ನು ಮುಂದಿನ ವಾರದ ತಲೆಗೆ ಕಟ್ಟಿದೆ. ಆ ವಾರ ಆಫೀಸಲ್ಲಿ ರಿಲೀಸ್. ಅಕ್ಟೋಬರ್ ಹೊತ್ತಿಗೆ ಐವತ್ತು ಅರವತ್ತು ಗಂಟೆ ಬಾಕಿ. ಬಾಕಿ ತೀರಿಸೋಕೆ ಹೊರಟಾಗ ಮೊದಲು ಕತ್ತರಿ ಬೀಳೋದು ಮಾಕ್ ಅನಾಲಿಸಿಸ್‌ಗೆ, ಯಾಕಂದ್ರೆ ಸಿಲಬಸ್ ಪಟ್ಟಿಯಲ್ಲಿ ಅದಕ್ಕೆ ಟಿಕ್ ಹಾಕೋ ಜಾಗವೇ ಇರಲ್ಲ. ಅಂಕ ಹತ್ತೋದು ಮಾತ್ರ ಅಲ್ಲಿಂದಲೇ.

ಎರಡನೇ ಸಲ ಎರಡೇ ಕಟ್ಟುಪಾಡು. ಪ್ರತಿ ನಾಲ್ಕನೇ ವಾರ ಖಾಲಿ, ಹೊಸ ಟಾಪಿಕ್ ಮುಟ್ಟೋ ಹಾಗಿಲ್ಲ. ಒಂದು ದಿನ ತಪ್ಪಿದರೆ ಅದು ವಜಾ, ಮಾರನೇ ದಿನಕ್ಕೆ ಸೇರಿಸೋ ಹಾಗಿಲ್ಲ. ನಿಜಕ್ಕೂ ಬೇಕಾದದ್ದು ಖಾಲಿ ವಾರದಲ್ಲಿ ತಾನಾಗಿ ಒಳಗೆ ಬರುತ್ತೆ, ಬೇಡದ್ದು ಉದುರಿಹೋಗುತ್ತೆ.

ಬೆಳಗ್ಗೆ 5:45ರಿಂದ 7:05ರವರೆಗೆ ನಲವತ್ತು ನಿಮಿಷದ ಎರಡು ಬ್ಲಾಕ್, ನಡುವೆ ಕಾಫಿಗೂ ಏಳೋ ಹಾಗಿಲ್ಲ. ಪರೀಕ್ಷೆಯಲ್ಲೂ ವಿಎಆರ್‌ಸಿ (ಇಂಗ್ಲಿಷ್ ಓದು), ಡಿಐಎಲ್‌ಆರ್ (ಅಂಕಿಅಂಶ, ತರ್ಕ), ಕ್ವಾಂಟ್ (ಗಣಿತ) ತಲಾ ನಲವತ್ತು ನಿಮಿಷ, ಬಿಡುವಿಲ್ಲ, ಹಿಂದಕ್ಕೆ ಹೋಗೋಕೂ ಆಗಲ್ಲ. ಎರಡರಲ್ಲಿ ಒಂದು ಬ್ಲಾಕ್ ಡಿಐಎಲ್‌ಆರ್‌ಗೇ. ಅಲ್ಲಿ ಸೆಕ್ಷನ್ ಕಟಾಫ್ (ಆ ಭಾಗಕ್ಕೆ ಬೇಕಾದ ಕನಿಷ್ಠ ಪರ್ಸೆಂಟೈಲ್) ತಪ್ಪಿದರೆ ಉಳಿದದ್ದು ಎಷ್ಟಿದ್ದರೂ ಉಪಯೋಗವಿಲ್ಲ. ರಾತ್ರಿ ಅರ್ಧ ಗಂಟೆ ತಪ್ಪಿನ ಪುಸ್ತಕ (ತಪ್ಪಾದ ಪ್ರಶ್ನೆಗಳನ್ನು ಬರೆದಿಡೋದು) ಮಾತ್ರ, ಶನಿವಾರ ಮೂರು ಗಂಟೆ ಒಂದೇ ಟಾಪಿಕ್.

ಆಫೀಸಿಗೆ ಹೋಗೋದು ಬೆಂಗಳೂರಿನ ವಿಜಯನಗರದಿಂದ ಕಾಡುಗೋಡಿ ಕಡೆಗೆ ಮೆಟ್ರೋದಲ್ಲಿ, ಹೆಚ್ಚೂಕಡಿಮೆ ಒಂದು ಗಂಟೆ. ಅದರಲ್ಲಿ ಕ್ವಾಂಟ್ ಮಾಡಿ ನೋಡಿದೆ, ದಂಡ. ನಿಂತುಕೊಂಡು ಪೆನ್ನು ಆಡಲ್ಲ, ಮೆಜೆಸ್ಟಿಕ್ ಬಂದರೆ ಕೈ ಎತ್ತೋಕೂ ಜಾಗ ಇರಲ್ಲ. ಪ್ಯಾರಾಜಂಬಲ್ (ಕಲಸಿಟ್ಟ ವಾಕ್ಯಗಳನ್ನು ಸರಿಯಾಗಿ ಜೋಡಿಸೋದು) ಮಾತ್ರ ಚೆನ್ನಾಗಿ ಹೊಂದಿಕೊಂಡಿತು, ದಿನಕ್ಕೆ ಆರು.

ಭಾನುವಾರ ಮಾಕ್. ಮುಗಿದ ಮೇಲೆ ಸೊಲ್ಯೂಷನ್ ತೆರೆಯಲ್ಲ. ಬಿಟ್ಟ ಪ್ರಶ್ನೆಗಳನ್ನು ಅವತ್ತೇ ಗಡಿಯಾರ ಇಲ್ಲದೆ ಬಿಡಿಸೋದು, ತಪ್ಪಾದವನ್ನು ಮೂರು ದಿನ ಬಿಟ್ಟು. ಬೇಗ ನೋಡಿದರೆ ಉತ್ತರ ನೆನಪಲ್ಲಿ ಇರುತ್ತೆ, ಗೊತ್ತಾಯ್ತು ಅನ್ನೋ ಭ್ರಮೆ. ಪುಸ್ತಕದಲ್ಲಿ ನಾಲ್ಕು ಕಾಲಂ: ಹಿಡಿದ ಸಮಯ, ತಪ್ಪಿನ ಜಾತಿ (ಗೊತ್ತಿಲ್ಲ, ಓದಿದ್ದು ತಪ್ಪು, ಲೆಕ್ಕ ತಪ್ಪು, ಹಟ), ಯಾವ ಸಾಲಿನಲ್ಲಿ ಜಾರಿದ್ದು, ಮತ್ತೆ ಬಿಡಿಸೋ ತಾರೀಕು. ‘ಹಟ’ ಅಂದರೆ ಬಿಡಬೇಕಾದ ಪ್ರಶ್ನೆಗೆ ನಾಲ್ಕೈದು ನಿಮಿಷ ಸುರಿದದ್ದು. ಮೊದಲ ಐದು ಮಾಕ್‌ನಲ್ಲಿ ನನ್ನ ತಪ್ಪುಗಳಲ್ಲಿ ಮೂರರಲ್ಲೊಂದು ಇದೇ. ಅದಾದ ಮೇಲೆ ಕ್ವಾಂಟ್‌ನಲ್ಲಿ ಮೊದಲ ಸುತ್ತಿನಲ್ಲಿ ಒಂದು ಪ್ರಶ್ನೆ ತೊಂಬತ್ತು ಸೆಕೆಂಡ್ ಮೀರಿದರೆ ಬಿಟ್ಟು ಮುಂದೆ. ಸರಿ ಉತ್ತರಕ್ಕೆ 3, ತಪ್ಪಿಗೆ 1 ಕಳೆಯುತ್ತಾರೆ. ಆಯ್ಕೆ ಕೊಡದೆ ಉತ್ತರ ನಾವೇ ಹಾಕೋ ಪ್ರಶ್ನೆಗೆ ಕಳೆಯಲ್ಲ, ಅಲ್ಲಿ ಖಾಲಿ ಬಿಡೋದು ಶುದ್ಧ ದಡ್ಡತನ. ಡಿಐಎಲ್‌ಆರ್‌ನಲ್ಲಿ ಮೊದಲ ಐದು ನಿಮಿಷ ಐದೂ ಸೆಟ್ (ಒಂದೇ ಮಾಹಿತಿ ಮೇಲಿನ ಪ್ರಶ್ನೆಗಳ ಗುಂಪು) ಓದಿ, ಎರಡನ್ನು ಆರಿಸಿ, ಒಂದನ್ನು ಮೀಸಲಿಡೋದು.

ಪರೀಕ್ಷೆ ಶುರುವಾಗೋ ಸ್ಲಾಟ್ ಮೂರು: 8:30, 12:30, 4:30. ಯಾವುದು ಬೀಳುತ್ತೋ ನಮ್ಮ ಕೈಲಿಲ್ಲ, ಹಾಗಾಗಿ ಮೂರು ಹೊತ್ತಿಗೂ ಮಾಕ್ ಬರೆದೆ. 12:30ದ್ದೇ ಕಷ್ಟ. ಹನ್ನೊಂದಕ್ಕೆ ಮುದ್ದೆ ಉಂಡು ಕೂತ ದಿನ ಡಿಐಎಲ್‌ಆರ್‌ನಲ್ಲಿ ಒಂದೇ ಸೆಟ್. ಹತ್ತಕ್ಕೆ ಎರಡು ಇಡ್ಲಿ, ಜೇಬಲ್ಲಿ ಬಾಳೆಹಣ್ಣು, ಅಷ್ಟಾದರೆ ಪರವಾಗಿಲ್ಲ. ಮೂರು ವಾರ ಬೆಳಗ್ಗೆ ನಾಲ್ಕಕ್ಕೆ ಏಳೋ ಪ್ರಯೋಗವೂ ಆಯಿತು. ಗಂಟೆ ಹೆಚ್ಚಿತು, ಸರಿ ಉತ್ತರ ಕಮ್ಮಿಯಾಯಿತು, ಬಿಟ್ಟೆ.

ಖರ್ಚು: ಮಾಕ್ ಸೀರೀಸ್ ಐದು ಸಾವಿರದ ಆಸುಪಾಸು, ಕೊನೇ ಮೂರು ತಿಂಗಳು ಮನೆ ಹತ್ತಿರದ ರೀಡಿಂಗ್ ರೂಮಿಗೆ ತಿಂಗಳಿಗೆ ಸಾವಿರದ ಇನ್ನೂರೋ ಮುನ್ನೂರೋ, ಪರೀಕ್ಷೆ ಫೀಸ್ 2,500. ಒಟ್ಟು ಹನ್ನೆರಡು ಸಾವಿರ ಮುಟ್ಟಲಿಲ್ಲ. ಬೇರೆ ಕಾಲೇಜುಗಳ ಅರ್ಜಿ ದುಡ್ಡು ಇದರಲ್ಲಿ ಸೇರಿಲ್ಲ, ಅದು ಬೇರೆಯೇ ಗೋಳು.

ಲೆಕ್ಕ ಹಾಕಿದರೆ ಒಟ್ಟು ಮುನ್ನೂರ ಮೂವತ್ತು ಗಂಟೆ ಇರಬಹುದು. ಅದರಲ್ಲಿ ಮಾಕ್ ಮತ್ತು ತಪ್ಪಿನ ಪುಸ್ತಕಕ್ಕೇ ಅರ್ಧದ ಹತ್ತಿರ ಹೋಯಿತು.

ಇನ್ನೊಂದು. ಪರೀಕ್ಷಾ ಹಾಲಿನಲ್ಲಿ ಕೀಬೋರ್ಡ್ ಮುಟ್ಟೋ ಹಾಗಿಲ್ಲ, ಅಂಕಿ ಒತ್ತೋದೂ ಸ್ಕ್ರೀನಿನ ಕ್ಯಾಲ್ಕುಲೇಟರೂ ಎಲ್ಲ ಮೌಸಿನಲ್ಲೇ. ಮನೆಯಲ್ಲಿ ಲ್ಯಾಪ್‌ಟಾಪ್ ಕೀ ಒತ್ತಿ ರೂಢಿಯಾದವರಿಗೆ ಅಲ್ಲಿ ಕೈ ತಡವರಿಸುತ್ತೆ. ಮುನ್ನೂರು ರೂಪಾಯಿಯ ಒಂದು ಮೌಸ್ ಜುಲೈನಲ್ಲೇ ತಗೊಳ್ಳಿ.