ನೀರು ಬಿಡಿಸಲು ಹೋಗಿ, ನೀರಿಗೆ ಜಾಗ ಬಿಟ್ಟೆ

ಹಾಂಗ್‌ಕಾಂಗ್‌ಗೆ ಬಂದ ಮೇಲೆ ಚೀನೀ ಶೈಲಿಯ ಮಸಿ ಚಿತ್ರ ಕಲಿಯಲು ಶುರು ಮಾಡಿದೆ. ಅದಕ್ಕೂ ಮುಂಚೆ ವರ್ಷಗಟ್ಟಲೆ ವಾಟರ್ ಕಲರ್‌ನಲ್ಲೇ ಕೈ ಪಳಗಿತ್ತು. ಕೆರೆ ಅಂದ್ರೆ ನೀಲಿ, ಅದರೊಳಗೆ ಮರದ ನೆರಳು. ಅದೇ ಅಭ್ಯಾಸದಲ್ಲಿ ಇಲ್ಲೂ ತೆಳು ಮಸಿ ಕಲಸಿ ಅರ್ಧ ಹಾಳೆಗೆ ಬಳಿದೆ. ಒಣಗಿದ ಮೇಲೆ ನೋಡಿದರೆ ಮಾಸಿದ ಗೋಡೆ ಇದ್ದ ಹಾಗಿತ್ತು. ನೀರಿನ ಸುಳಿವೇ ಇಲ್ಲ.

ದಾರಿ ತೋರಿಸಿದ್ದು ಫಾಂಗ್ ಝಾವೊಲಿಂಗ್ ಎಂಬ ಚಿತ್ರಕಲಾವಿದೆಯ ಚಿತ್ರಗಳು. 1914ರಲ್ಲಿ ಚೀನಾದ ವುಶಿಯಲ್ಲಿ ಹುಟ್ಟಿದವರು. ತೈಹು ಎಂಬ ದೊಡ್ಡ ಸರೋವರದ ದಡದ ಊರು ಅದು. 1950ರಲ್ಲಿ ಗಂಡ ತೀರಿಕೊಂಡಾಗ ಮನೆಯಲ್ಲಿ ಎಂಟು ಮಕ್ಕಳು. ಆದರೂ ಬ್ರಷ್ ಬಿಡಲಿಲ್ಲ. ಝಾವೊ ಶಾವೊ ಆಂಗ್ ಮತ್ತು ಝಾಂಗ್ ದಾಚಿಯನ್ ಎಂಬ ಚಿತ್ರಕಲಾವಿದರ ಹತ್ತಿರ ಕಲಿತರು. ಅವರ ಎಲ್ಲ ನೀರೂ ಶಾಂತವಲ್ಲ, ವಿಯೆಟ್ನಾಂನಿಂದ ದೋಣಿಗಳಲ್ಲಿ ತಪ್ಪಿಸಿಕೊಂಡು ಬಂದವರನ್ನೂ ಚಿತ್ರಿಸಿದ್ದಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಅವರ ಒರಟು ಬಂಡೆಗಳ ಪಕ್ಕದ ಪುಟ್ಟ ದೋಣಿಗಳು. ಸುತ್ತ ಖಾಲಿ ಕಾಗದ. ಆ ಖಾಲಿಯೇ ನೀರು! ಚೀನಿಯರು ಇದನ್ನು ಲಿಯುಬಾಯ್ ಅನ್ನುತ್ತಾರೆ, ಅಂದರೆ ಬಿಳಿ ಉಳಿಸುವುದು.

ಹಾಗಾಗಿ ಮೊದಲಿಂದ ಶುರು ಮಾಡಿದೆ. ಕಾಗದ, ಶ್ವಾನ್ ಅನ್ನುವ ಚೀನೀ ಕಾಗದ. ಆನ್‌ಹುಯಿ ಪ್ರಾಂತ್ಯದ ಜಿಂಗ್ ಕೌಂಟಿಯಲ್ಲಿ ಚಿಂಗ್‌ತಾನ್ ಮರದ ತೊಗಟೆ ಮತ್ತು ಭತ್ತದ ಹುಲ್ಲಿನಿಂದ ಮಾಡುತ್ತಾರೆ. ಪಟಿಕ ಹಾಕಿ ಹದ ಮಾಡಿದ ಹಾಳೆ ಮಸಿ ಹೀರುವುದು ಕಡಿಮೆ, ಹದ ಮಾಡದ ಹಾಳೆ ಮುಟ್ಟಿದ ತಕ್ಷಣ ಕುಡಿಯುತ್ತದೆ. ನಾನು ಹದ ಮಾಡದ್ದನ್ನೇ ತಗೊಂಡೆ. ಮಸಿಕಡ್ಡಿಯನ್ನು ಕಲ್ಲಿನ ಮೇಲೆ ಗಂಧ ತೇಯ್ದ ಹಾಗೆ ತೇಯ್ದು, ಮೂರು ತಟ್ಟೆಗೆ ಹಾಕಿಕೊಂಡೆ: ಗಟ್ಟಿ, ನಡುವಿನದು, ತೀರಾ ತೆಳು.

ಮೊದಲು ದೋಣಿ. ಎರಡೇ ಎಳೆತ. ಅದರ ಹೊಟ್ಟೆಯ ಕೆಳಗೆ ಒಂದು ಗೆರೆ ಬೇಕು, ಇಲ್ಲದಿದ್ದರೆ ದೋಣಿ ಗಾಳಿಯಲ್ಲಿ ತೇಲುತ್ತದೆ. ಆಡಿನ ಕೂದಲಿನ ಬ್ರಷ್ ತೆಳು ಮಸಿಯಲ್ಲಿ ಅದ್ದಿ, ಬಟ್ಟೆಗೆ ಒತ್ತಿ ಮುಕ್ಕಾಲು ಒಣಗಿಸಿ, ತುದಿಯನ್ನು ಅಡ್ಡಡ್ಡ ಎಳೆದೆ. ಗೆರೆ ನಡುನಡುವೆ ತುಂಡು ತುಂಡಾಗಿ ಬಂತು. ಅದೇ ಬೇಕಾಗಿದ್ದು. ಅಂಚಿನವರೆಗೆ ಎಳೆದುಬಿಟ್ಟರೆ ನೀರು ಹರಿಯತೊಡಗುತ್ತದೆ, ತುಂಡಾದರೆ ಮಾತ್ರ ನಿಲ್ಲುತ್ತದೆ.

ಜಾಸ್ತಿ ದಿನ ಕಾಡಿದ್ದು ದಡ. ಬಂಡೆಯ ಬುಡಕ್ಕೆ ಗೆರೆ ಹಾಕಿ ಮುಚ್ಚುತ್ತಿದ್ದೆ, ಅದರ ಆಚೆಯ ಬಿಳಿ ಬರೀ ಕಾಗದವಾಗಿಯೇ ಉಳಿಯುತ್ತಿತ್ತು. ಈಗ ಬುಡವನ್ನು ಮುಚ್ಚುವುದಿಲ್ಲ. ಮಸಿ ಇನ್ನೂ ಹಸಿಯಿರುವಾಗಲೇ ಬರೀ ನೀರಿನ ಬ್ರಷ್ ತಾಗಿಸುತ್ತೇನೆ. ಕಪ್ಪು ಬೂದುಬಣ್ಣವಾಗಿ, ಬೂದು ಬಿಳಿಯಾಗಿ ಕರಗುತ್ತದೆ. ಎಲ್ಲಿ ಬಂಡೆ ಮುಗಿಯಿತು, ಎಲ್ಲಿ ನೀರು ಶುರುವಾಯಿತು ಅಂತ ಬೆರಳಿಟ್ಟು ತೋರಿಸಲಾಗದು. ಮೊದಲ ಸಲ ಹೀಗಾದಾಗ ಸುಮ್ನೆ ನೋಡುತ್ತಾ ಕೂತುಬಿಟ್ಟೆ.

ಒಂದು ಸಲ ಎಲ್ಲಾ ಸರಿಯಾದ ಮೇಲೆ ಬ್ರಷ್‌ನಿಂದ ಒಂದು ಹನಿ ಖಾಲಿ ಜಾಗಕ್ಕೆ ಬಿತ್ತು. ಈ ಕಾಗದದಲ್ಲಿ ಅಳಿಸುವುದಕ್ಕಾಗಲ್ಲ ಅಲ್ವಾ? ಹಾಳೆ ಹೋಯಿತು. ಆಮೇಲಿಂದ ಮಸಿ ತಟ್ಟೆಗಳನ್ನು ಬಲಗಡೆಗೇ ಇಡುತ್ತೇನೆ, ತುಂಬಿದ ಬ್ರಷ್ ಹಾಳೆಯ ಮೇಲೆ ಹಾಯದ ಹಾಗೆ.

ಈಗಲೂ ಕೊನೆಗೆ ಇನ್ನೊಂದು ಗೆರೆ ಹಾಕೋಣ ಅನ್ನಿಸುತ್ತದೆ. ಆಗ ಎದ್ದು ಬ್ರಷ್ ತೊಳೆದು ನೇತುಹಾಕುತ್ತೇನೆ.