ಸ್ಕೇಲರ್ ಸಾಕಾ, ಟೇಬಲ್ ಬೇಕಾ?

ಬ್ಯಾಡಗಿ ಕಡೆಯ ಕೋಲ್ಡ್ ಸ್ಟೋರೇಜ್‌ಗಳಲ್ಲಿ ಮೆಣಸಿನಕಾಯಿ ಇಟ್ಟ ಕೋಣೆಗಳ ಟೆಂಪರೇಚರ್ ನೋಡಿಕೊಳ್ಳುವ ಕಂಟ್ರೋಲರನ್ನು ನಾವು ಹುಬ್ಬಳ್ಳಿಯಲ್ಲಿ ತಯಾರಿಸುತ್ತೇವೆ. ಅದನ್ನು ಎಸ್‌ಎನ್‌ಎಂಪಿಯಲ್ಲಿ (ನೆಟ್‌ವರ್ಕ್ ಮೂಲಕ ದೂರದಿಂದ ಯಂತ್ರಗಳನ್ನು ಗಮನಿಸುವ ಪದ್ಧತಿ) ಓದಲು ಬರುವಂತೆ ಮಾಡುವ ಕೆಲಸ ನನ್ನದಾಗಿತ್ತು. ಕೋಡ್ ಆಮೇಲೆ, ಮೊದಲು ಮಿಬ್ ಫೈಲ್, ಅಂದರೆ ಯಂತ್ರದಿಂದ ಏನೇನು ಓದಬಹುದು ಅನ್ನುವ ಪಟ್ಟಿ. ಪ್ರತಿ ಮಾಹಿತಿಗೂ ಕೇಳಿಕೊಂಡಿದ್ದು ಒಂದೇ ಪ್ರಶ್ನೆ: ಒಂದು ಯಂತ್ರದಲ್ಲಿ ಇದು ಯಾವಾಗಲೂ ಒಂದೇ ಒಂದು ಇರುತ್ತಾ, ಹಲವು ಇರುತ್ತವಾ? ಒಂದೇ ಆದರೆ ಸ್ಕೇಲರ್, ಹಲವಾದರೆ ಟೇಬಲ್.

ಫರ್ಮ್‌ವೇರ್ ವರ್ಷನ್, ಕರೆಂಟ್ ಇದೆಯೋ ಇಲ್ಲವೋ, ಒಟ್ಟು ಎಷ್ಟು ಕೋಣೆ: ಇವೆಲ್ಲ ಸ್ಕೇಲರ್. ಸ್ಕೇಲರ್ ಓದುವಾಗ ಓಐಡಿ (ಆ ಮಾಹಿತಿಯ ವಿಳಾಸದಂಥ ಸಂಖ್ಯೆ) ಕೊನೆಗೆ ಸೊನ್ನೆ ಇರಬೇಕು. ಯಂತ್ರದ ಹೆಸರು ಬೇಕೆಂದರೆ 1.3.6.1.2.1.1.5.0. ಸೊನ್ನೆ ಬಿಟ್ಟು ಗೆಟ್ (ಓದುವ ಕೋರಿಕೆ) ಕೊಟ್ಟರೆ 'ನೋ ಸಚ್ ಇನ್‌ಸ್ಟನ್ಸ್' ಅಂತ ಬರುತ್ತದೆ.

ಜಗ್ಗಾಟ ಆಗಿದ್ದು ಕೋಣೆಗಳ ಮೇಲೆ. "ನಾಕ ಖೋಲಿ ಅದಾವಲ್ರೀ ಸರ, ನಾಕ ಸ್ಕೇಲರ್ ಇಟ್ರ ಮುಗೀತ್ರಿ" ಅಂದ ನಮ್ಮ ಹುಡುಗ. ಆದರೆ ಪ್ರತಿ ಕೋಣೆಗೂ ಟೆಂಪರೇಚರ್, ತೇವಾಂಶ, ಬಾಗಿಲು, ಗರಿಷ್ಠ ಮಿತಿ ಇವೆ. ಅಲ್ಲಿಗೇ 16 ಹೆಸರು. ಐದನೇ ಕೋಣೆ ಕಟ್ಟಿಸಿದರೆ ಮಿಬ್ ಹೊಸದು, ನೋಡುವವರ ಕಂಪ್ಯೂಟರಿನಲ್ಲೆಲ್ಲ ಮತ್ತೆ ಲೋಡ್ ಮಾಡಬೇಕು. ಟೇಬಲ್ ಆದರೆ ಒಂದು ಸಾಲು ಜಾಸ್ತಿ, ಅಷ್ಟೇ.

ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದದ್ದು ಇಂಡೆಕ್ಸ್‌ಗೆ, ಅಂದರೆ ಸಾಲನ್ನು ಗುರುತಿಸುವ ನಂಬರಿಗೆ. ಸೆನ್ಸರ್ ಸಿಕ್ಕ ಕ್ರಮದಲ್ಲಿ ಸುಮ್ನೆ ನಂಬರ್ ಕೊಡುತ್ತಾ ಹೋದರೆ, ಎರಡನೇ ಸೆನ್ಸರ್ ಕೆಟ್ಟ ದಿನ ಮೂರನೆಯದು ಎರಡಾಗುತ್ತದೆ. ಗ್ರಾಫ್‌ನಲ್ಲಿ ಒಂದು ಕೋಣೆಯ ಗೆರೆಗೆ ಇನ್ನೊಂದರ ಗೆರೆ ಅಂಟಿಕೊಳ್ಳುತ್ತದೆ, ಯಾರಿಗೂ ಗೊತ್ತೇ ಆಗುವುದಿಲ್ಲ. ಅದಕ್ಕೆ ಕೋಣೆಯ ಬಾಗಿಲ ಮೇಲೆ ಪೇಂಟ್‌ನಲ್ಲಿ ಬರೆದ ನಂಬರನ್ನೇ ಇಂಡೆಕ್ಸ್ ಮಾಡಿದೆ. ಶುರು 1ರಿಂದ, ಸೊನ್ನೆ ಇಂಡೆಕ್ಸ್ ಬೇಡ ಅಂತ ಮಿಬ್ ಬರೆಯುವ ನಿಯಮಗಳ ದಾಖಲೆ ಆರ್‌ಎಫ್‌ಸಿ 2578 ಕೂಡ ಹೇಳುತ್ತದೆ. ಸೆನ್ಸರ್ ಕೆಟ್ಟರೂ ಸಾಲು ಅಲ್ಲೇ ಇರುತ್ತದೆ, ಕೆಟ್ಟಿದೆ ಅಂತ ಹೇಳಲು ಬೇರೆ ಕಾಲಂ ಇದೆ.

ಮಿಬ್‌ನಲ್ಲಿ ದಶಾಂಶದ ಟೈಪ್ ಇಲ್ಲ. ಹಾಗಾಗಿ 4.5 ಡಿಗ್ರಿಯನ್ನು 45 ಅಂತ ಕಳಿಸುತ್ತೇವೆ. ಗೇಜ್ ಅನ್ನುವ ಟೈಪ್ ಬಳಸಲಿಲ್ಲ, ಅದರಲ್ಲಿ ಮೈನಸ್ ಬರುವುದಿಲ್ಲ.

ಟೇಬಲ್‌ಗೆ ಕೋಡ್ ಜಾಸ್ತಿ, ಅದು ನಿಜ. ಗೆಟ್‌ನೆಕ್ಸ್ಟ್ (ಮುಂದಿನದು ಕೊಡು ಅನ್ನುವ ಕೋರಿಕೆ) ಕೇಳಿದಾಗ ಸಾಲುಗಳು ಸಂಖ್ಯೆಯ ಕ್ರಮದಲ್ಲೇ ಬರಬೇಕು, ಅದೂ ಕಾಲಂ ಕಾಲಂ ಆಗಿ: ಮೊದಲು ಎಲ್ಲ ಕೋಣೆಗಳ ಟೆಂಪರೇಚರ್, ಆಮೇಲೆ ಎಲ್ಲದರ ತೇವಾಂಶ. ನಾಲ್ಕು ಕೋಣೆ ಇಟ್ಟು ಟೆಸ್ಟ್ ಮಾಡಿದರೆ ಎಲ್ಲ ಸರಿಯಾಗೇ ಕಾಣುತ್ತದೆ. ಹತ್ತು ಕೋಣೆ ಇಟ್ಟು ವಾಕ್ ಮಾಡಿ, ಅಂದರೆ ಗೆಟ್‌ನೆಕ್ಸ್ಟ್ ಕೊಡುತ್ತಾ ಕೊನೆಯವರೆಗೆ ಓದಿ. ಅಕ್ಷರದ ಲೆಕ್ಕದಲ್ಲಿ ಜೋಡಿಸಿದ ಕೋಡ್ ಆದರೆ 1 ಆದಮೇಲೆ ನೇರ 10 ಬರುತ್ತದೆ.