ಮನೆ ಭೇಟಿಯಲ್ಲಿ ರೋಗ ತಡೆ: ಯಾರಿಗೆ ಯಾವ ಹಂತ, ಯಾವ ಕೆಲಸ

ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ), ಬಿಎಸ್ಸಿ ನರ್ಸಿಂಗ್ ವಿದ್ಯಾರ್ಥಿಗಳು ರೋಗ ತಡೆಯ ಹಂತಗಳನ್ನು ಉತ್ತರಪತ್ರಿಕೆಯಲ್ಲಿ ಚೆನ್ನಾಗಿಯೇ ಬರೆಯುತ್ತಾರೆ. ಸಮುದಾಯ ಪೋಸ್ಟಿಂಗ್‌ನಲ್ಲಿ ಹಳೇ ಹುಬ್ಬಳ್ಳಿಯ ಓಣಿಯಲ್ಲೋ ಮುಂಡರಗಿ ಸೀಮೆಯ ಹಳ್ಳಿಯಲ್ಲೋ ಬಾಗಿಲು ಬಡಿದಾಗ ಮಾತ್ರ ಎಲ್ಲರಿಗೂ ಒಂದೇ ಪಾಠ ಒಪ್ಪಿಸಿ ಬರುತ್ತಾರೆ: ಕೈ ತೊಳೀರಿ, ನೀರು ಕಾಸಿ ಕುಡೀರಿ, ಕಾಯಿಪಲ್ಲೆ ತಿನ್ರಿ. ಮನೆಯವರು ಹೂಂ ಅಂದು ಚಹಾ ಕೊಟ್ಟು ಕಳಿಸುತ್ತಾರೆ. ಅದೇ ಮನೆಯಲ್ಲಿ ಶುಗರ್ ಇರುವ ಅಜ್ಜ, ಐದು ತಿಂಗಳ ಬಸುರಿ ಸೊಸೆ, ಗುಟ್ಕಾ ಹಾಕುವ ಮಗ, ಹಲ್ಲು ಬೀಳುತ್ತಿರುವ ಮೊಮ್ಮಗಳು ಇರುತ್ತಾರೆ. ನಾಲ್ವರೂ ರೋಗದ ದಾರಿಯಲ್ಲಿ ಬೇರೆ ಬೇರೆ ಕಡೆ ನಿಂತವರು. ಯಾರು ಎಲ್ಲಿದ್ದಾರೆ ಎಂದು ಮೊದಲು ನೋಡಿ, ಆಮೇಲೆ ಒಬ್ಬೊಬ್ಬರಿಗೆ ಒಂದೇ ಒಂದು ಕೆಲಸ ಹೇಳಬೇಕು. ಐದು ಹೇಳಿದರೆ ಒಂದೂ ಆಗುವುದಿಲ್ಲ.

ರೋಗ, ಜಡ್ಡು, ಹಂತ

ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನ ಜಾರಿಗೆ ಬಂದದ್ದು 1948ರ ಏಪ್ರಿಲ್ 7ರಂದು. ಆರೋಗ್ಯವೆಂದರೆ ಬರೀ ರೋಗ ಇಲ್ಲದಿರುವುದಲ್ಲ, ದೇಹ, ಮನಸ್ಸು, ಸಮಾಜ ಮೂರರಲ್ಲೂ ಪೂರ್ತಿ ಕ್ಷೇಮವಾಗಿರುವುದು ಎಂದು ಅದು ಹೇಳುತ್ತದೆ. ಪೂರ್ತಿ ಕ್ಷೇಮ ಯಾರಿಗೆ ದಕ್ಕಿದೆ ಎಂಬ ತಕರಾರು ಹಳೆಯದು, ನ್ಯಾಯವಾದದ್ದೂ ಹೌದು. ಆದರೂ ನರ್ಸ್‌ಗೆ ಅದರಿಂದ ಒಂದು ಉಪಯೋಗವಿದೆ: ಮೈಯೊಳಗಿನ ರೋಗ ಬೇರೆ, ಅನುಭವಕ್ಕೆ ಬರುವ ಜಡ್ಡು ಬೇರೆ ಎಂದು ತಿಳಿಯುತ್ತದೆ. ರಕ್ತದ ಸಕ್ಕರೆ 280 ಇದ್ದರೂ ನಸುಕಿನಲ್ಲಿ ಎದ್ದು ಹೊಲಕ್ಕೆ ಹೋಗುವವನಿಗೆ ರೋಗವಿದೆ, ಜಡ್ಡಿಲ್ಲ. ಹಾಗಾಗಿಯೇ ಆತ ಗುಳಿಗೆ ಬಿಡುತ್ತಾನೆ. ಎಲ್ಲ ರಿಪೋರ್ಟ್ ಸರಿಯಿದ್ದೂ ತಿಂಗಳಿಂದ ನಿದ್ದೆಯಿಲ್ಲದ, ಊಟ ಸೇರದ ತಾಯಿಗೆ ಜಡ್ಡಿದೆ, ಹೆಸರಿಟ್ಟ ರೋಗ ಇಲ್ಲ. ಇಂಥವರನ್ನು ಏನೂ ಇಲ್ಲ ಎಂದು ಬಿಟ್ಟು ಬರಬಾರದು. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಅಲ್ಲೇ ಕೂತು ಕರೆ ಹಚ್ಚಿಸಿ, ಇಲ್ಲವೇ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗಲು ಹೇಳಿ. 'ಏನ್ ತ್ರಾಸ ಐತ್ರಿ?' ಎಂದು ಕೇಳಿದರೆ ಜಡ್ಡು ತಿಳಿಯುತ್ತದೆ. ರೋಗ ತಿಳಿಯಲು ಅಳೆಯಬೇಕು.

ಸಾರ್ವಜನಿಕ ಆರೋಗ್ಯ ತಜ್ಞರಾದ ಲೀವೆಲ್ ಮತ್ತು ಕ್ಲಾರ್ಕ್ ಹಾಕಿಕೊಟ್ಟ ರೋಗ ತಡೆಯ ಹಂತ ಮೂರು, ಮೂಲ ತಡೆ ಆಮೇಲೆ ಸೇರಿದ್ದು. ಗುರುತಿಸುವುದು ಹೀಗೆ. ಅಪಾಯದ ಚಟವಾಗಲೀ ಕಾರಣವಾಗಲೀ ಇನ್ನೂ ಬಂದೇ ಇಲ್ಲವೇ? ಮೂಲ ತಡೆ. ಅಪಾಯ ಇದೆ, ರೋಗ ಶುರುವಾಗಿಲ್ಲವೇ? ಪ್ರಾಥಮಿಕ. ರೋಗ ಒಳಗೆ ಶುರುವಾಗಿರಬಹುದು, ಬೇಗ ಹಿಡಿದರೆ ತಿರುಗಿಸಬಹುದೇ? ದ್ವಿತೀಯಕ. ರೋಗ ತಳ ಊರಿದೆ, ಇನ್ನು ಅಂಗ ಉಳಿಸಬೇಕೇ? ತೃತೀಯಕ.

ಬಿಪಿ ನೋಡುವುದು ಯಾವ ಹಂತ ಎಂದರೆ ಬಹಳ ಮಂದಿ ತಡವರಿಸುತ್ತಾರೆ. ಬಿಪಿಯನ್ನೇ ರೋಗ ಎಂದು ಹಿಡಿದರೆ ಅದು ದ್ವಿತೀಯಕ. ಆದರೆ ಬಿಪಿಗೆ ಗುಳಿಗೆ ಕೊಟ್ಟು ಪಾರ್ಶ್ವವಾಯು ತಪ್ಪಿಸಿದರೆ ಪಾರ್ಶ್ವವಾಯುವಿನ ಲೆಕ್ಕದಲ್ಲಿ ಅದೇ ಕೆಲಸ ಪ್ರಾಥಮಿಕ. ಆದ್ದರಿಂದ ಹಂತ ಬರೆಯುವಾಗ ಪಕ್ಕದಲ್ಲೇ ರೋಗದ ಹೆಸರನ್ನೂ ಬರೆಯಬೇಕು. ಬರೀ 'ದ್ವಿತೀಯಕ' ಎಂದು ಬರೆದ ದಾಖಲೆ ಯಾರಿಗೂ ಉಪಯೋಗವಿಲ್ಲ.

ಹೋಗುವ ಮುನ್ನ

ಆಶಾ ಕಾರ್ಯಕರ್ತೆಯೊಂದಿಗೆ ಕೂತು ಹಿಂದಿನ ದಿನವೇ ಮನೆಗಳ ಸರದಿ ಮಾಡಿಕೊಳ್ಳಿ. ಮೊದಲು ಹಸುಗೂಸು ಮತ್ತು ಬಾಣಂತಿ, ಆಮೇಲೆ ಬಸುರಿ, ಆಮೇಲೆ ಐದು ವರ್ಷದೊಳಗಿನ ಮಕ್ಕಳು, ಬಿಪಿ-ಶುಗರ್ ಇರುವ ಹಿರಿಯರು. ಕ್ಷಯದಂಥ ಅಂಟುರೋಗದ ಮನೆ ಕೊನೆಗೆ. ಸರದಿ ತಿರುವಾದರೆ ಸೋಂಕನ್ನು ಬಾಣಂತಿಯ ಕೋಣೆಗೆ ಒಯ್ಯುವವರು ನೀವೇ. ಬ್ಯಾಡಗಿ, ಹಾವೇರಿ ಕಡೆ ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ ಹತ್ತು ಗಂಟೆಗೆ ಹೋದರೆ ಬೀಗ ನೋಡಿ ಬರಬೇಕಾದೀತು. ಬೆಳಿಗ್ಗೆ ಏಳೂವರೆಗೆ ಅಥವಾ ಸಂಜೆ ಹೋಗಿ.

ಬ್ಯಾಗನ್ನು ನೆಲಕ್ಕಿಡದೆ ಹಾಳೆ ಹಾಸಿ ಇಡಿ. ಮೊದಲು ಹೊರಬರಬೇಕಾದದ್ದು ಸಾಬೂನು ಮತ್ತು ಟವೆಲ್. 40ರಿಂದ 60 ಸೆಕೆಂಡ್ ಕೈ ತೊಳೆದು, ಬೇಕಾದ್ದನ್ನು ಒಂದೇ ಸಲ ತೆಗೆದುಕೊಂಡು ಬ್ಯಾಗ್ ಮುಚ್ಚಿ. ಕೆಲಸದ ನಡುವೆ ಮತ್ತೆ ಮತ್ತೆ ಕೈ ಹಾಕಿದರೆ ಬ್ಯಾಗಿನ ಒಳಗೂ ಸೋಂಕು.

ಬಿಪಿ: ತಪ್ಪು ಅಂಕಕ್ಕೆ ತಪ್ಪು ಔಷಧ

30 ವರ್ಷ ದಾಟಿದ ಎಲ್ಲರಿಗೂ ನೋಡಬೇಕು. ಚಹಾ, ಬೀಡಿ, ತಂಬಾಕು ಆಗಿ ಅರ್ಧ ತಾಸು ಕಳೆದಿರಲಿ. ಮೂತ್ರಕ್ಕೆ ಹೋಗಿ ಬರಲಿ. ಗೋಡೆಗೆ ಬೆನ್ನು ಕೊಟ್ಟು, ಪಾದ ನೆಲಕ್ಕೆ ಊರುವಂತೆ ಕಟ್ಟೆ ಮೇಲೋ ಕುರ್ಚಿ ಮೇಲೋ ಐದು ನಿಮಿಷ ಸುಮ್ಮನೆ ಕೂರಿಸಿ. ಈ ಐದು ನಿಮಿಷದಲ್ಲೇ ನಿಮ್ಮ ಕಣ್ಣು ಮನೆಯನ್ನು ನೋಡಿ ಮುಗಿಸಲಿ. ತೋಳು ಎದೆಯ ಮಟ್ಟಕ್ಕೆ ಬರುವಂತೆ ಕೆಳಗೆ ತಲೆದಿಂಬು ಕೊಡಿ. ತೋಳು ಜೋತುಬಿದ್ದಿದ್ದರೆ ಅಂಕ 10ರವರೆಗೂ ಹೆಚ್ಚು ತೋರಿಸಬಹುದು. ಕುಪ್ಪಸದ ತೋಳನ್ನು ಮೇಲಕ್ಕೆ ಸುರುಳಿ ಸುತ್ತಿ ಏರಿಸುವುದು ಇಲ್ಲಿ ಮಾಮೂಲು. ಆ ಸುರುಳಿಯೇ ಹಗ್ಗದಂತೆ ರಕ್ತನಾಳವನ್ನು ಬಿಗಿಯುತ್ತದೆ. ಸಡಿಲ ಮಾಡಿಸಿ, ಆಗದಿದ್ದರೆ ತೆಳು ಬಟ್ಟೆಯ ಮೇಲೆಯೇ ಪಟ್ಟಿ ಸುತ್ತುವುದು ಮೇಲು. ಪಟ್ಟಿಯ ಕೆಳ ಅಂಚು ಮೊಣಕೈ ಗೆರೆಗಿಂತ ಎರಡು ಬೆರಳು ಮೇಲಿರಲಿ, ಒಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ಶೇ 80ರಷ್ಟನ್ನು ಆವರಿಸಲಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಹಾಕಿದರೆ ಇಲ್ಲದ ಬಿಪಿ ಕಾಣುತ್ತದೆ.

ಸ್ಟೆತೊಸ್ಕೋಪ್ ಇಟ್ಟು ನೋಡುವವರು ಮೊದಲು ನಾಡಿ ಹಿಡಿದು, ಅದು ನಿಂತ ಅಂಕಕ್ಕಿಂತ 30 ಮೇಲಕ್ಕೆ ಏರಿಸಿ, ಸೆಕೆಂಡಿಗೆ 2ರಂತೆ ಇಳಿಸಬೇಕು. ಭರ್ರನೆ ಬಿಟ್ಟರೆ ಮೇಲಿನ ಅಂಕ ಕಡಿಮೆಯಾಗಿಯೂ ಕೆಳಗಿನದು ಹೆಚ್ಚಾಗಿಯೂ ಸಿಗುತ್ತದೆ. ಅಳೆಯುವಾಗ ನೀವೂ ಮಾತಾಡಬೇಡಿ, ಅವರನ್ನೂ ಮಾತಾಡಿಸಬೇಡಿ. ಒಂದೆರಡು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿ. 140/90 ಅಥವಾ ಹೆಚ್ಚು ಬಂದರೆ ಬೇರೆ ದಿನ ಇನ್ನೊಮ್ಮೆ ನೋಡದೆ ಬಿಪಿ ಐತಿ ಎಂದು ಹೇಳಬಾರದು. 180/110 ದಾಟಿದ್ದರೆ ಅದೇ ದಿನ ವೈದ್ಯರ ಹತ್ತಿರ. ಜೊತೆಗೆ ಎದೆನೋವು, ಒಂದು ಕಡೆ ಕೈಕಾಲು ಸೋಲುವುದು, ಮಾತು ತೊದಲುವುದು ಇದ್ದರೆ 108.

ಉಪ್ಪು ಕಡಿಮೆ ಮಾಡಿ ಎಂದರೆ ನಾವು ಕಡಿಮೇನ ತಿಂತೀವ್ರಿ ಎನ್ನುತ್ತಾರೆ. ಹೀಗೆ ಕೇಳಿ: 'ಅವ್ವಾರ, ಕಿಲೋ ಉಪ್ಪಿನ ಪಾಕೀಟ ಎಷ್ಟ ದಿನ ಬರ್ತೈತಿ?' ಒಬ್ಬರಿಗೆ ದಿನಕ್ಕೆ 5 ಗ್ರಾಂ ಮೀರಬಾರದು. ಐದು ಮಂದಿಯ ಮನೆಗೆ ಒಂದು ಕಿಲೋ 40 ದಿನ ಬರಬೇಕು. ಇಪ್ಪತ್ತೇ ದಿನಕ್ಕೆ ಮುಗಿದರೆ ಇಮ್ಮಡಿ ತಿನ್ನುತ್ತಿದ್ದಾರೆ. ಉಪ್ಪಿನಕಾಯಿ, ಹಪ್ಪಳ, ಅಂಗಡಿಯ ಚಟ್ನಿಪುಡಿಯ ಉಪ್ಪು ಈ ಲೆಕ್ಕಕ್ಕೆ ಬರುವುದೇ ಇಲ್ಲ. ರೊಟ್ಟಿಯ ತಂಟೆಗೆ ಹೋಗಬೇಡಿ. ಜೋಳದ ರೊಟ್ಟಿ, ಹೆಸರುಕಾಳು ಪಲ್ಲೆ ಬಿಡಿಸುವಂಥ ಊಟವಲ್ಲ.

ಅಜ್ಜನ ಕಾಲು, ಮಗನ ಬಾಯಿ

ಗ್ಲೂಕೋಮೀಟರ್‌ನಲ್ಲಿ ರಕ್ತದ ಸಕ್ಕರೆ ನೋಡುವಾಗ ಬೆರಳ ತುದಿಯ ನಡುಭಾಗ ಬಿಟ್ಟು ಪಕ್ಕಕ್ಕೆ ಚುಚ್ಚಿ, ನೋವು ಕಡಿಮೆ. ಕೈ ತೊಳೆದು ಒರೆಸಿರಬೇಕು. ಬೆಲ್ಲವೋ ಮಾವಿನ ಹಣ್ಣೋ ಹಿಡಿದ ಕೈಯಾದರೆ ಯಂತ್ರ ಅದನ್ನೂ ಅಳೆಯುತ್ತದೆ. ಸ್ಟ್ರಿಪ್ ಡಬ್ಬಿ ತೆರೆದಿಟ್ಟರೆ ತೇವ ಕುಡಿದು ಕೆಡುತ್ತದೆ. ಯಾವ ಹೊತ್ತಿನದಾದರೂ 140 ಅಥವಾ ಹೆಚ್ಚಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಸರಕಾರದ 'ನಮ್ಮ ಕ್ಲಿನಿಕ್'ಗೋ ಕಳಿಸಿ. ಖಾಲಿ ಹೊಟ್ಟೆಯಲ್ಲಿ 126, ಊಟದ ಎರಡು ತಾಸಿನ ಮೇಲೆ 200 ಎಂಬ ಗೆರೆ ಮುಟ್ಟಿದೆಯೇ ಎಂಬುದು ಅಲ್ಲಿ ನಿರ್ಧಾರವಾಗಲಿ.

ಈಗಾಗಲೇ ಶುಗರ್ ಇರುವ ಅಜ್ಜನಿಗೆ ಸಕ್ಕರೆ ಬಿಡಿ ಎಂಬ ಮಾತು ಸಾಕಾಗಿ ಹೋಗಿರುತ್ತದೆ. ಅವರ ಕಾಲು ಮುಟ್ಟಿ ನೋಡಿದವರು ಕಡಿಮೆ. 10 ಗ್ರಾಂ ಒತ್ತಡಕ್ಕೆ ಬಾಗುವ, ಸ್ಪರ್ಶ ನೋಡುವ ಮಾನೋಫಿಲಮೆಂಟ್ ಎಳೆಯನ್ನು ಮೊದಲು ಮುಂಗೈಗೆ ಮುಟ್ಟಿಸಿ ಹೇಗಿರುತ್ತದೆ ತೋರಿಸಿ. ಆಮೇಲೆ ಕಣ್ಣು ಮುಚ್ಚಿಸಿ, ಅಂಗಾಲಿನ ಹೆಬ್ಬೆರಳಿಗೆ, ಬೆರಳುಗಳ ಬುಡಕ್ಕೆ, ಎಳೆ ಬಾಗುವಷ್ಟು ಒತ್ತಿ ಒಂದೆರಡು ಸೆಕೆಂಡ್ ಹಿಡಿಯಿರಿ. 'ಅಜ್ಜಾರ, ಮುಟ್ಟಿದ್ದು ತಿಳದಾಗ ಹೂಂ ಅನ್ರಿ.' ಗಟ್ಟಿಯಾದ ಆಣಿಯ ಮೇಲೆ ಒತ್ತಿದರೆ ಆರೋಗ್ಯವಂತನಿಗೂ ತಿಳಿಯುವುದಿಲ್ಲ, ಆ ಜಾಗ ಬಿಡಿ. ಸ್ಪರ್ಶ ಹೋದ ಕಾಲಿಗೆ ಎರಿ ಹೊಲದಲ್ಲಿ ಜಾಲಿ ಮುಳ್ಳು ಚುಚ್ಚಿದ್ದು ಗೊತ್ತಾಗುವುದೇ ಇಲ್ಲ, ಹುಣ್ಣಾಗಿ ಕೀವು ತುಂಬಿದ ಮೇಲೆ ವಾಸನೆಯಿಂದ ಗೊತ್ತಾಗುತ್ತದೆ. ಬರಿಗಾಲು ಬೇಡ. ರಾತ್ರಿ ಮಲಗುವ ಮುನ್ನ ಮೊಮ್ಮಗಳು ಅಂಗಾಲು ನೋಡಲಿ, ಬೆರಳ ಸಂದು ಒಣಗಿಸಲಿ. ಬಿಸಿನೀರಿಗೆ ಕಾಲಿಡುವ ಮುನ್ನ ಬೇರೆಯವರು ಮೊಣಕೈ ಅದ್ದಿ ನೋಡಲಿ. ಆಣಿಯನ್ನು ಬ್ಲೇಡಿನಿಂದ ಕೊಯ್ಯುವುದು ಬೇಡವೇ ಬೇಡ.

ಗುಟ್ಕಾ ಹಾಕುವ ಮಗನಿಗೆ ಬಾಯಿ ಅಗಲಿಸಿ ತನ್ನದೇ ಮೂರು ಬೆರಳು ಒಂದರ ಮೇಲೊಂದಾಗಿ ನಿಲ್ಲಿಸಿ ತೂರಿಸಲು ಹೇಳಿ. ಹೋಗದಿದ್ದರೆ, ಅಥವಾ ಬಿಳಿ-ಕೆಂಪು ಮಚ್ಚೆ, ಎರಡು ವಾರಕ್ಕೂ ಮಾಯದ ಹುಣ್ಣು ಕಂಡರೆ ದಂತವೈದ್ಯರಿಗೆ ಕಳಿಸಿ. ಭಾಷಣಕ್ಕಿಂತ ಆ ಮೂರು ಬೆರಳು ಹೆಚ್ಚು ಕೆಲಸ ಮಾಡುತ್ತವೆ.

ಸೊಸೆಯ ಗುಳಿಗೆ

ತಾಯಿ ಕಾರ್ಡ್ ನೋಡಿ, ಗುಳಿಗೆ ಪಟ್ಟಿಯನ್ನೂ ತರಿಸಿ ಎಣಿಸಿ. ಬಸುರಿಗೆ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗಿದ್ದರೆ ದೊಡ್ಡಾಸ್ಪತ್ರೆ. ನಾಲ್ಕನೇ ತಿಂಗಳಿಂದ ದಿನಕ್ಕೊಂದು ಕಬ್ಬಿಣಾಂಶದ ಗುಳಿಗೆ, 180 ದಿನ. ಹೆರಿಗೆಯಾದ ಮೇಲೆ ಮತ್ತೆ 180 ದಿನ. ಚಹಾದ ಜೊತೆ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ, ನಿಂಬೆಹಣ್ಣಿನ ಪಾನಕದೊಂದಿಗೆ ಚೆನ್ನಾಗಿ ಹತ್ತುತ್ತದೆ. ಕ್ಯಾಲ್ಸಿಯಂ ಗುಳಿಗೆಗೆ ಎರಡು ತಾಸು ಅಂತರ ಇರಲಿ. ಮಲ ಕಪ್ಪಾಗುತ್ತದೆ ಎಂದು ಮೊದಲೇ ಹೇಳದಿದ್ದರೆ ಹೆದರಿ ಬಿಟ್ಟುಬಿಡುತ್ತಾರೆ. ಅತ್ತೆಯನ್ನೂ ಕೂರಿಸಿಕೊಂಡು ಹೇಳಿ, ಗುಳಿಗೆ ತಿಂದರೆ ಕೂಸು ದಪ್ಪಾಗಿ ಹೆರಿಗೆ ಕಷ್ಟ ಎಂಬ ನಂಬಿಕೆ ಇರುವುದು ಅಲ್ಲಿ.

ಬ್ಯಾರಲ್ಲಿನ ಒಳಗೋಡೆ

ಹುಬ್ಬಳ್ಳಿ-ಧಾರವಾಡದ ಎಷ್ಟೋ ಓಣಿಗಳಿಗೆ ನಳ ದಿನಾ ಬರುವುದಿಲ್ಲ. ಮಲಪ್ರಭೆಯ ನೀರು ಬಂದ ದಿನ ಬ್ಯಾರಲ್, ಹಂಡೆ, ಕೊಡ ಎಲ್ಲ ತುಂಬಿಡಬೇಕು. ಡೆಂಗಿಯ ಈಡಿಸ್ ಸೊಳ್ಳೆಗೆ ಬೇಕಾದದ್ದೂ ಇಂಥ ನಿಂತ ತಿಳಿನೀರೇ. ಅದು ತತ್ತಿ ಇಡುವುದು ನೀರಿನಲ್ಲಲ್ಲ, ನೀರಿನ ಮಟ್ಟದ ತುಸು ಮೇಲೆ ಒದ್ದೆ ಗೋಡೆಗೆ. ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ. ಮುಂದಿನ ಸಲ ನಳ ಬಂದು ಅದೇ ಬ್ಯಾರಲ್ಲಿಗೆ ಮೇಲಿಂದ ನೀರು ತುಂಬಿದಾಗ ತತ್ತಿ ಮುಳುಗಿ ಒಡೆಯುತ್ತದೆ, ಏಳರಿಂದ ಹತ್ತು ದಿನಕ್ಕೆ ಸೊಳ್ಳೆ ಹಾರುತ್ತದೆ. ಆದ್ದರಿಂದ ನೀರು ಚೆಲ್ಲಿದರೆ ಸಾಲದು, ಒಳಗೋಡೆ ತಿಕ್ಕಬೇಕು.

ಇದ್ದ ನೀರೆಲ್ಲ ಚೆಲ್ಲಿರಿ ಎಂದು ನೀರಿನ ಕೊರತೆಯ ಮನೆಯಲ್ಲಿ ಹೇಳುವುದು ಹುಂಬತನ. ಸರದಿ ಹಾಕಿಕೊಡಿ: ನಾಲ್ಕು ಬ್ಯಾರಲ್ ಇದ್ದರೆ ಮೊದಲು ಒಂದನ್ನೇ ಪೂರ್ತಿ ಬಳಸಿ ಬರಿದು ಮಾಡಿ, ನಾರಿನ ಬ್ರಷ್‌ನಿಂದ ಮೇಲಿನ ಅಂಚಿನಿಂದ ತಳದವರೆಗೆ ತಿಕ್ಕಿ, ಬಿಸಿಲಿಗೆ ಕವುಚಿ, ಆಮೇಲೆ ತುಂಬಬೇಕು. ಮುಂದಿನ ಸಲ ಇನ್ನೊಂದು. ತುಂಬಿದ್ದಕ್ಕೆಲ್ಲ ಹಳೇ ಧೋತರದ ಬಟ್ಟೆ ಕಟ್ಟಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿಯಿರಿ. ಸೊಟ್ಟ ಮುಚ್ಚಳದ ಸಂದಿನಲ್ಲಿ ಸೊಳ್ಳೆ ಹೋಗುತ್ತದೆ. ಫ್ರಿಜ್ ಹಿಂದಿನ ತಟ್ಟೆ, ಅಂಗಳದ ಒರಳು, ಕೋಳಿಗಿಟ್ಟ ನೀರು, ಮಾಳಿಗೆ ಮೇಲಿನ ಟೈರು ಮರೆಯಬೇಡಿ.

ತತ್ತಿಯೊಡೆದು ಬಂದ ಸೊಳ್ಳೆ ಹುಳ ಹುಡುಕುವಾಗ ಬ್ಯಾರಲ್ ಅಲುಗಾಡಿಸಬೇಡಿ. ನೆರಳು ಬಿದ್ದರೂ ಹುಳ ತಳಕ್ಕಿಳಿಯುತ್ತದೆ. ಟಾರ್ಚ್ ಹಿಡಿದು ಒಂದೆರಡು ನಿಮಿಷ ಕಾದರೆ ಉಸಿರಿಗೆ ಮೇಲೆ ಬರುತ್ತದೆ. 50 ಮನೆ ನೋಡಿ 6 ಮನೆಯಲ್ಲಿ ಹುಳ ಸಿಕ್ಕರೆ ಮನೆ ಸೂಚ್ಯಂಕ, ಅಂದರೆ ನೂರು ಮನೆಗೆ ಹುಳವಿರುವ ಮನೆ, 12. ಆ ಮನೆಗಳಲ್ಲಿ ಹುಳವಿದ್ದ ಪಾತ್ರೆ ಒಟ್ಟು 9 ಇದ್ದರೆ ಬ್ರೆಟೊ ಸೂಚ್ಯಂಕ, ಅಂದರೆ ನೂರು ಮನೆಗೆ ಹುಳವಿರುವ ಪಾತ್ರೆ, 18.

ಜ್ವರದವರಿದ್ದರೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಗುಳಿಗೆ ಬೇಡ. ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವ ಹೆಚ್ಚಿಸುತ್ತವೆ. ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಮಂಪರು ಕಂಡರೆ ತಕ್ಷಣ ಆಸ್ಪತ್ರೆ.

ಗದಗ ಸೀಮೆಯಲ್ಲಿ ನೀರು ಕಾಸುವ ಮಾತು

ಮುಂಡರಗಿ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಒಪ್ಪಿತ, ಬೇರೆ ನೀರೇ ಇಲ್ಲದಲ್ಲಿ 1.5. ಕಾಸಿದರೆ ಫ್ಲೋರೈಡ್ ಹೋಗದು, ನೀರು ಆವಿಯಾದಷ್ಟೂ ಇನ್ನಷ್ಟು ಗಟ್ಟಿಯಾಗುತ್ತದೆ. ವಾಂತಿಭೇದಿಗೆ ಸರಿಯಾದ ಸಲಹೆ ಇಲ್ಲಿ ತಪ್ಪು ಸಲಹೆ. ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದು ಕುಡಿಯಲಷ್ಟೇ ಬಳಸಿ, ಅನ್ನ, ಬ್ಯಾಳಿ, ಚಹಾಕ್ಕೆ ಬೋರಿನ ನೀರನ್ನೇ ಹಾಕುವುದು ಸಾಮಾನ್ಯ ತಪ್ಪು. ಅಡುಗೆಗೂ ಘಟಕದ ನೀರೇ ಬೇಕು.

ಮೊಮ್ಮಗಳ ತುಟಿ ಎತ್ತಿ ನೋಡಿ. ಎಡಬಲದ ಜೋಡಿ ಹಲ್ಲಿನಲ್ಲಿ ಒಂದೇ ಬಗೆಯ ಸುಣ್ಣದ ಬಣ್ಣದ ಅಡ್ಡಗೆರೆ ಅಥವಾ ಕಂದು ಪಟ್ಟೆ ಇದ್ದರೆ ಅದು ಫ್ಲೋರೈಡ್ ಹೆಚ್ಚಾಗಿ ಹಲ್ಲು ಕೆಡುವ ಫ್ಲೋರೋಸಿಸ್. ಕಾಯಂ ಹಲ್ಲು ಒಸಡಿನೊಳಗೆ ಗಟ್ಟಿಯಾಗುವುದು ಹೆಚ್ಚಾಗಿ ಎಂಟು ವರ್ಷದೊಳಗೆ, ಆದ್ದರಿಂದ ಬಂದ ಗೆರೆ ಅಳಿಯದು. ತೊಟ್ಟಿಲಲ್ಲಿ ತಮ್ಮನಿದ್ದರೆ ಅವನ ಹಲ್ಲು ಮಾತ್ರ ಇವತ್ತು ನೀರು ಬದಲಿಸಿದರೆ ಉಳಿಯುತ್ತದೆ. ಅಕ್ಕನ ಹಲ್ಲು ತೋರಿಸಿ ತಮ್ಮನ ಮಾತಾಡಿದರೆ ತಾಯಿಗೆ ತಟ್ಟನೆ ತಿಳಿಯುತ್ತದೆ.

ಬರೆದಿಡುವುದು

ಒಬ್ಬರಿಗೆ ಒಂದು ಸಾಲು: ವಯಸ್ಸು, ಅಳತೆ, ಹಂತ ಮತ್ತು ರೋಗ, ಹೇಳಿದ ಒಂದು ಕೆಲಸ, ಮತ್ತೆ ಹೋಗುವ ದಿನ. ಉದಾಹರಣೆಗೆ: '64, ಗಂಡು, ಬಲಗಾಲು ಹೆಬ್ಬೆರಳು ಸ್ಪರ್ಶವಿಲ್ಲ, ಹುಣ್ಣಿಲ್ಲ, ತೃತೀಯಕ, ಶುಗರ್, ಹೊಲಕ್ಕೆ ಚಪ್ಪಲಿ, ಮುಂದಿನ ಮಂಗಳವಾರ.' ಕಳಿಸುವ ಚೀಟಿಯಲ್ಲಿ 'ಬಿಪಿ ಹೆಚ್ಚಿದೆ' ಎಂದು ಬರೆಯಬೇಡಿ. ಎರಡೂ ಸಲದ ಅಂಕ, ಯಾವ ತೋಳು, ಎಷ್ಟು ಹೊತ್ತಿಗೆ, ಈಗ ತಿನ್ನುತ್ತಿರುವ ಗುಳಿಗೆಯ ಹೆಸರು ಬರೆಯಿರಿ. ಗುಳಿಗೆ ಹೆಸರು ನೆನಪಿಲ್ಲದಿದ್ದರೆ ಖಾಲಿ ಪಟ್ಟಿಯನ್ನೇ ಚೀಟಿಗೆ ಪಿನ್ ಮಾಡಿ ಕಳಿಸಿ.